ಮುತ್ತಮ್ಮ, ಪೊನ್ನಮ್ಮ, ಪೂವಮ್ಮ

ಭಾರತೀಯ ವಿದೇಶಾಂಗ ಸೇವೆಗೆ 1949ರಲ್ಲಿ ಸೇರಿದ ಮೊದಲ ಮಹಿಳೆ ಕೊಡಗಿನ ವಿರಾಜಪೇಟೆಯಲ್ಲಿ ಹುಟ್ಟಿದವರು. ಕಡತಗಳಲ್ಲಿ ಅವರ ಹೆಸರು ಸಿ.ಬಿ. ಮುತ್ತಮ್ಮ. ಇನಿಷಿಯಲ್ ಬಿಡಿಸಿ ಓದಿದರೆ ಚೋನಿರ ಬೆಳ್ಳಿಯಪ್ಪ ಮುತ್ತಮ್ಮ. ಚೋನಿರ ಎನ್ನುವುದು ಒಕ್ಕದ ಹೆಸರು. ಒಂದೇ ಐನ್‌ಮನೆಗೆ, ಅಂದರೆ ಪೂರ್ವಜರ ಮನೆಗೆ, ಸೇರಿದ ವಂಶದವರೆಲ್ಲ ಹೊರುವ ಹೆಸರು. ಬೆಳ್ಳಿಯಪ್ಪ ತಂದೆಯದು. ಕೊನೆಯದು ಅವರದೇ. ಬೆಳ್ಳಿಯ ಮಗಳು ಮುತ್ತು.

ಅವರ ಮೊದಲ ನೇಮಕ ಪ್ಯಾರಿಸ್ಸಿನ ಭಾರತೀಯ ರಾಯಭಾರ ಕಚೇರಿಗೆ. ಆ ಕಾಲದ ಪ್ಯಾರಿಸ್ಸಿನಲ್ಲಿ ಮಾರ್ಗರಿತ್ ಎಂಬ ಹೆಸರಿನ ಅಜ್ಜಿಯರಿಗೆ ಬರವಿರಲಿಲ್ಲ. ಗ್ರೀಕಿನ ಮಾರ್ಗರಿತೆಸ್, ಅಂದರೆ ಮುತ್ತು, ಲ್ಯಾಟಿನ್ನಿನಲ್ಲಿ ಮಾರ್ಗರೀತ ಆಗಿ ಫ್ರೆಂಚಿನಲ್ಲಿ ಮಾರ್ಗರಿತ್ ಆಯಿತು. ಹಳದಿ ನಡುವಿನ, ಬಿಳಿ ಎಸಳಿನ ಒಂದು ಬಯಲು ಹೂವಿಗೂ ಫ್ರೆಂಚರು ಅದೇ ಹೆಸರಿಟ್ಟರು. ಆ ಹೂವನ್ನು ಇಂಗ್ಲಿಷರು ಡೈಸಿ ಎನ್ನುತ್ತಾರೆ. ಆದ್ದರಿಂದಲೇ ಇಂಗ್ಲೆಂಡಿನಲ್ಲಿ ಮಾರ್ಗರೆಟ್ ಎಂದು ನಾಮಕರಣವಾದ ಹುಡುಗಿಯನ್ನು ಮನೆಯವರು ಡೈಸಿ ಎಂದು ಕರೆಯುವ ರೂಢಿ ಬೆಳೆಯಿತು. ಫ್ರೆಂಚರು ಮುತ್ತನ್ನೂ ಹೂವನ್ನೂ ಒಂದೇ ಹೆಸರಿನಲ್ಲಿ ಇಟ್ಟುಕೊಂಡರು. ಕೊಡಗು ಎರಡು ಹೆಸರು ಮಾಡಿಕೊಂಡಿತು: ಮುತ್ತಮ್ಮ, ಪೂವಮ್ಮ.

ಫ್ರೆಂಚ್ ಹೆಣ್ಣು ಹೆಸರುಗಳ ಮೂಲ, ಅರ್ಥಗಳನ್ನು ಹೇಳುವ ಪುಸ್ತಕಗಳು ಜಗತ್ತಿನ ಹಲವು ಭಾಷೆಗಳಲ್ಲಿ ಸಿಗುತ್ತವೆ. ಮಗುವಿಗೆ ಹೆಸರು ಹುಡುಕುವ ನಮ್ಮ ತರುಣ ದಂಪತಿಗಳೂ ಅವನ್ನು ತಿರುವಿ ನೋಡುತ್ತಾರೆ. ಅದೇ ಮನೆಯ ಅಜ್ಜಿಯ ಹೆಸರಿಗೆ ಏನು ಅರ್ಥ, ಅದು ಹೇಗೆ ಕಟ್ಟಿದ ಹೆಸರು ಎಂದು ಕೇಳುವವರು ಕಡಿಮೆ. ಬೊಳ್ಳಮ್ಮ, ಪೊನ್ನಮ್ಮ, ನಂಜಮ್ಮ, ಗಂಗಮ್ಮ, ಕಾವೇರಮ್ಮ, ಮುದ್ದವ್ವ, ಚಿನ್ನವ್ವ, ಮುತ್ತಕ್ಕಿ: ಕೊಡಗಿನಲ್ಲಿ ಒಂದು ತಲೆಮಾರಿನ ಹಿಂದೆ ಕೂಗಿದರೆ ಅಂಗಳಕ್ಕೆ ಓಡಿ ಬರುತ್ತಿದ್ದ ಹೆಸರುಗಳಿವು. ಇವುಗಳ ಒಳಗಿನ ಕಟ್ಟಡ ಬಹಳ ಚೆಂದದ್ದು. ಅದು ಕಾಣದೆ ಹೋಗುತ್ತಿರುವುದಕ್ಕೆ ನನಗೆ ನಿಜವಾದ ಬೇಸರವಿದೆ.

ಪೊನ್ನ್ ಎಂದರೆ ಕೊಡವರ ಭಾಷೆಯಾದ ಕೊಡವ ತಕ್ಕ್‌ನಲ್ಲಿ ಚಿನ್ನ. ಬೊಳ್ಳಿ ಎಂದರೆ ಬೆಳ್ಳಿ. ಪೂ ಎಂದರೆ ಹೂ. ಮುತ್ತ್ ನಮ್ಮ ಮುತ್ತೇ. ಈ ನಾಲ್ಕರಲ್ಲಿ ಹೂವೊಂದೇ ಈ ಬೆಟ್ಟಗಳದ್ದು. ಮುತ್ತು ಘಟ್ಟದ ಕೆಳಗಿನ ಕಡಲಿನಿಂದ, ಚಿನ್ನ ಬೆಳ್ಳಿ ಸಂತೆ ವ್ಯಾಪಾರದಿಂದ ಹತ್ತಿ ಬಂದವು. ಬಂದದ್ದನ್ನು ಕೊಡವತಿಯರು ಮೈಮೇಲೆ ಹೇಗೆ ಧರಿಸಿದರೆಂಬುದನ್ನು ಇಂದಿಗೂ ಮದುವೆ ಮನೆಗಳಲ್ಲಿ ನೋಡಬಹುದು: ಪತ್ತಾಕ್, ಜೋಮಾಲೆ, ಅರ್ಧಚಂದ್ರದಾಕಾರದ ಕೊಕ್ಕೆತಾತಿ. ಪೆಟ್ಟಿಗೆಯಲ್ಲಿಟ್ಟು ಕಾಪಾಡುವ ವಸ್ತುವಿನ ಹೆಸರನ್ನೇ ಹೆಣ್ಣುಮಗುವಿಗೂ ಇಟ್ಟರು.

ಗಂಡುಮಗುವಿಗೂ ಅದನ್ನೇ ಇಟ್ಟರು ಎನ್ನುವುದು ಇಲ್ಲಿ ಗಮನಿಸಬೇಕಾದ ಸಂಗತಿ. ಪೊನ್ನಪ್ಪನಿಗೆ ಪೊನ್ನಮ್ಮ, ಮುತ್ತಪ್ಪ ಮುತ್ತಣ್ಣರಿಗೆ ಮುತ್ತಮ್ಮ, ಪೂವಯ್ಯನಿಗೆ ಪೂವಮ್ಮ, ಬೆಳ್ಳಿಯಪ್ಪನಿಗೆ ಬೊಳ್ಳಮ್ಮ, ದೇವಯ್ಯನಿಗೆ ದೇವಮ್ಮ, ನಂಜಪ್ಪನಿಗೆ ನಂಜಮ್ಮ. ಮೊದಲ ಪದ ಇಬ್ಬರಿಗೂ ಒಂದೇ. ಆಮೇಲೆ ಸೇರುವುದು ನಂಟಿನ ಪದ: ಗಂಡಿಗೆ ಅಪ್ಪ, ಅಯ್ಯ, ಅಣ್ಣ, ಹೆಣ್ಣಿಗೆ ಅಮ್ಮ, ಅವ್ವ, ಅಕ್ಕ ಅಥವಾ ಅಕ್ಕಿ. ತೊಟ್ಟಿಲಲ್ಲಿ ಮಲಗಿದ ಕೂಸು ಆಗಲೇ ಯಾರಿಗೋ ತಾಯಿ, ಯಾರಿಗೋ ಅಕ್ಕ. ಹೆಸರು ಹಿಡಿದು ಕರೆದಾಗಲೆಲ್ಲ ಕರೆಯುವವರು ಆ ಮಗುವಿಗೆ ಹಿರಿತನ ಕೊಟ್ಟೇ ಕರೆಯಬೇಕು. ದೇವರುಗಳಿಗೂ ಇದೇ ಲೆಕ್ಕ. ಮಳೆ ಬೆಳೆ ಕಾಯುವವನು ಇಗ್ಗುತ್ತಪ್ಪ. ಕಕ್ಕಬ್ಬೆಯ ಕಡೆ ನೆಲೆನಿಂತ ಅವನ ತಂಗಿ ಪೊನ್ನಂಗಾಲತಮ್ಮೆ. ತಲಕಾವೇರಿಯಲ್ಲಿ ಹುಟ್ಟುವವಳು ಕಾವೇರಮ್ಮೆ. ದೇವರಿಗೆ ಹಚ್ಚುವ ಪ್ರತ್ಯಯವನ್ನೇ ಮಗುವಿಗೂ ಹಚ್ಚಿದ ಜನ ಇವರು.

ಅಮ್ಮ, ಅಪ್ಪ ಸೇರಿಸುವುದು ಕೊಡಗಿಗಷ್ಟೇ ಸೇರಿದ ಪದ್ಧತಿಯೇನಲ್ಲ. ಹಳೆ ಮೈಸೂರಿನಲ್ಲೂ ಚೆನ್ನಮ್ಮ, ಚೆನ್ನಪ್ಪ ಇದ್ದಾರೆ. ಧಾರವಾಡದ ಕಡೆ ಅವ್ವ ಸೇರಿಸುತ್ತಾರೆ. ಆದರೆ ಈ ಜೋಡಿಗಳು ಇಷ್ಟು ತಪ್ಪದೆ, ಸಾಲಾಗಿ ಸಿಗುವುದು ಕೊಡಗಿನಲ್ಲಿ. ದ್ರಾವಿಡ ಭಾಷೆಗಳ ದೊಡ್ಡ ವಿದ್ವಾಂಸ ಎಂ.ಬಿ. ಎಮಿನೊ 1930ರ ದಶಕದಲ್ಲಿ ಇಲ್ಲಿಗೆ ಬಂದು ಕೊಡವ ತಕ್ಕ್ ಕಲಿತವರು. ಎಷ್ಟೋ ವರ್ಷಗಳಾದ ಮೇಲೆ, 1976ರಲ್ಲಿ, ಅಮೆರಿಕನ್ ಓರಿಯಂಟಲ್ ಸೊಸೈಟಿಯ ಪತ್ರಿಕೆಗೆ ಕೊಡವರ ವ್ಯಕ್ತಿನಾಮಗಳನ್ನೇ ವಿಷಯವಾಗಿಸಿಕೊಂಡು ಒಂದು ಲೇಖನ ಬರೆದರು. ನೀಲಗಿರಿಯ ತೋಡರ ನಡುವೆಯೂ ಕೆಲಸ ಮಾಡಿದ್ದ ಅವರಿಗೆ, ಸಣ್ಣ ಸಮುದಾಯದ ಹೆಸರುಗಳಲ್ಲೂ ಕೂತು ಓದಬೇಕಾದ ವ್ಯಾಕರಣವಿದೆ ಎಂಬುದು ಕಂಡಿತ್ತು.

ಫ್ರೆಂಚ್ ಹೆಸರುಗಳನ್ನು ಇದರ ಪಕ್ಕದಲ್ಲಿಟ್ಟರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಅಲ್ಲಿಯ ಹೆಣ್ಣು ಹೆಸರುಗಳಲ್ಲಿ ದೊಡ್ಡ ಪಾಲು ಗಂಡು ಹೆಸರಿನ ಬಾಲಕ್ಕೆ ಏನಾದರೂ ಸೇರಿಸಿ ಮಾಡಿದ್ದು. ಶಾರ್ಲ್ ಎಂಬುದರಿಂದ ಶಾರ್ಲೊತ್, ಜಾಕ್ ಎಂಬುದರಿಂದ ಜಾಕ್‌ಲೀನ್, ಆಂತ್ವಾನ್ ಎಂಬುದರಿಂದ ಆಂತ್ವಾನೆತ್, ಪಾಲ್ ಎಂಬುದರಿಂದ ಪಾಲೀನ್, ಪಾಲೆತ್. ಈ 'ಎತ್' ಎಂಬ ಕೊನೆಗೆ ಪುಟ್ಟದು ಎಂದು ಅರ್ಥ. ಪ್ರೀತಿಯ ಮಾತೇ, ಒಪ್ಪುತ್ತೇನೆ. ಆದರೂ ಅಲ್ಲಿ ಮೊದಲು ಗಂಡು ಹೆಸರಿದೆ, ಆಮೇಲೆ ಅದರ ಪುಟ್ಟ ರೂಪವಾಗಿ ಹೆಣ್ಣು ಬರುತ್ತಾಳೆ. ಪೊನ್ನಮ್ಮ ಪೊನ್ನಪ್ಪನಿಂದ ಹುಟ್ಟಿದವಳಲ್ಲ. ಇಬ್ಬರೂ ಪೊನ್ನಿನಿಂದ ಹುಟ್ಟಿದವರು.

ಕೆಲವು ಕಡೆ ದಿಕ್ಕೇ ತಿರುಗುತ್ತದೆ. ಕಾವೇರಿ ಹೆಣ್ಣು. ಕವೇರ ಮುನಿಯ ಮಗಳು, ಅಗಸ್ತ್ಯರ ಮಡದಿ, ನದಿಯಾಗಿ ಹರಿದವಳು. ಬಲಮುರಿಯಲ್ಲಿ ಅವಳ ಹರಿವಿನ ರಭಸಕ್ಕೆ ಕೊಡವತಿಯರ ಸೀರೆಯ ನೆರಿಗೆ ಹಿಂದಕ್ಕೆ ಸರಿಯಿತೆಂದೂ, ಅಂದಿನಿಂದ ನೆರಿಗೆಯನ್ನು ಹಿಂದೆಯೇ ಉಡುವುದೆಂದೂ ಕಥೆ. ತುಲಾ ಸಂಕ್ರಮಣದ ಮರುದಿನಗಳಲ್ಲಿ ಮನೆಮನೆಯಲ್ಲಿ ತೆಂಗಿನಕಾಯಿಗೋ ಸೌತೆಕಾಯಿಗೋ ಕೆಂಪು ರೇಷ್ಮೆ ಸುತ್ತಿ, ಮನೆಯ ಹೆಂಗಸರ ಒಡವೆಯನ್ನೇ ತೊಡಿಸಿ ಅವಳನ್ನು ಕಣಿಪೂಜೆಯಲ್ಲಿ ಕೂರಿಸುತ್ತಾರೆ. ಭಾಗಮಂಡಲದಲ್ಲಿ ಅವಳನ್ನು ಕೂಡಿಕೊಳ್ಳುವ ಕನ್ನಿಕೆ, ಕಣ್ಣಿಗೆ ಕಾಣದೆ ಬಂದು ಸೇರುವ ಸುಜ್ಯೋತಿ ಇಬ್ಬರೂ ಹೆಣ್ಣು ಹೆಸರಿನವರೇ. ಕಾವೇರಮ್ಮ, ಕಾವೇರವ್ವ ಎಂದು ಹೆಣ್ಣುಮಕ್ಕಳಿಗೆ ಹೆಸರಿಡುವುದು ಸಹಜ. ಆದರೆ ಕೊಡಗಿನಲ್ಲಿ ಗಂಡಸರಿಗೆ ಕಾವೇರಪ್ಪ ಎಂದೂ ಹೆಸರಿದೆ, ಅದು ಬಹಳ ಬಳಕೆಯ ಹೆಸರು. ಹೆಣ್ಣಿನ ಹೆಸರಿಗೆ ಅಪ್ಪ ಸೇರಿಸಿ ಗಂಡಿನ ಹೆಸರಾದದ್ದು. ಫ್ರಾನ್ಸಿನಲ್ಲಿ ಇದಕ್ಕೆ ಹತ್ತಿರದ್ದೆಂದರೆ ಮೇರಿಯ ಹೆಸರನ್ನು ಗಂಡಸರು ಎರಡನೆಯ ಹೆಸರಾಗಿ ಹೊತ್ತದ್ದು. ನಾವು ವೋಲ್ತೇರ್ ಎಂದು ಓದಿರುವ ಲೇಖಕನಿಗೆ ತಂದೆತಾಯಿ ಇಟ್ಟ ಹೆಸರು ಫ್ರಾಂಸ್ವಾ-ಮಾರಿ ಅರುಯೆ.

ಹೆಸರಿನಲ್ಲಿ ಈ ಸಮಾನತೆ ಇತ್ತೆಂದು ಬದುಕಿನಲ್ಲೂ ಇತ್ತೆನ್ನಲಾಗದು. ಮಡಿಕೇರಿಯಲ್ಲಿ ಶಾಲೆ ನಡೆಸಿದ ಬಾಸೆಲ್ ಮಿಷನ್ನಿನ ಪಾದ್ರಿ ಜಿ. ರಿಕ್ಟರ್ 1870ರಲ್ಲಿ ಪ್ರಕಟಿಸಿದ ಕೊಡಗಿನ ಕೈಪಿಡಿಯಲ್ಲಿ ಒಂದು ಪದ್ಧತಿಯನ್ನು ದಾಖಲಿಸಿದ್ದಾರೆ: ಗಂಡುಮಗು ಹುಟ್ಟಿದ ಕೂಡಲೇ ಹರಳುಗಿಡದ ಕಡ್ಡಿಯ ಬಿಲ್ಲು, ಎಲೆತೊಟ್ಟಿನ ಬಾಣ ಮಾಡಿ ಕೂಸಿನ ಕೈಗಿಡುವುದು, ಅಂಗಳದಲ್ಲಿ ಕೋವಿ ಹಾರಿಸುವುದು. ಆ ಗುಂಡಿನ ಸದ್ದು ಗಂಡಿಗಾಗಿ. ಒಕ್ಕದ ಹೆಸರು ಕೂಡ ಗಂಡಿನದೇ. ಕೊಡವ ತಕ್ಕ್‌ನಲ್ಲಿ 'ಅವಂಡ ಮನೆ' ಎಂದರೆ ಅವನ ಮನೆ. ಬಿದ್ದಂಡ, ಬೊವ್ವೇರಿಯಂಡ ಮುಂತಾದ ಒಕ್ಕಗಳ ಕೊನೆಯಲ್ಲಿ ಬರುವ 'ಅಂಡ' ಅದೇ ಷಷ್ಠಿ. ಮೂಲ ಪುರುಷನ, ಕಾರಣವನ, ಮನೆಯವರು ಎಂದು ಅರ್ಥ. ಎಂ.ಎನ್. ಶ್ರೀನಿವಾಸ್ 1952ರಲ್ಲಿ ಕೊಡವರ ಧರ್ಮ ಮತ್ತು ಸಮಾಜದ ಬಗ್ಗೆ ಬರೆದ ಪುಸ್ತಕದಲ್ಲಿ ಈ ಒಕ್ಕವೇ ನಡುಗಂಬ. ಮಗ ಒಕ್ಕದಲ್ಲಿ ಹುಟ್ಟಿ ಒಕ್ಕದಲ್ಲೇ ಮುಗಿಯುತ್ತಾನೆ. ಮಗಳು ಮದುವೆಯ ದಿನ ಸಂಬಂಧ ಕೊಡುವ ಶಾಸ್ತ್ರ ಮುಗಿಯುತ್ತಿದ್ದಂತೆ ಇನ್ನೊಂದು ಒಕ್ಕಕ್ಕೆ ಸೇರುತ್ತಾಳೆ. ಅವಳ ಹೆಸರಿನ ಮುಂದಿನ ಪದ ಬದಲಾಗುತ್ತದೆ.

ಆದರೂ ಹುಟ್ಟಿದ ಮನೆ ಪೂರ್ತಿ ಅಳಿಸಿ ಹೋಗುವುದಿಲ್ಲ. ಕೊಡವರಲ್ಲಿ ತಾಮನೆ ಎಂಬ ಪದವಿದೆ, ಹೆಣ್ಣಿನ ತವರೊಕ್ಕ. ಮಡಿಕೇರಿಯ ಪತ್ರಿಕೆಗಳಲ್ಲಿ ನಿಧನ ವಾರ್ತೆ ಓದಿದರೆ ತಿಳಿಯುತ್ತದೆ: ಗಂಡನ ಒಕ್ಕದ ಹೆಸರಿನೊಂದಿಗೆ ಆಕೆಯ ಹೆಸರು, ಪಕ್ಕದಲ್ಲಿ ತಾಮನೆ ಯಾವುದು ಎಂದು ಸಣ್ಣದಾಗಿ. ಎಪ್ಪತ್ತೆಂಬತ್ತು ವರ್ಷ ಬಾಳಿ ಹೋದ ಹೆಂಗಸನ್ನು ಅವಳು ಯಾರ ಮಗಳೆಂದು ಕೊನೆಗೊಮ್ಮೆ ಹೇಳಿಯೇ ಕಳಿಸುತ್ತಾರೆ. ನನಗೆ ಇದು ಬಹಳ ಮುಖ್ಯವಾದ ಮರ್ಯಾದೆ ಎನಿಸುತ್ತದೆ.

ಫ್ರಾನ್ಸಿನಲ್ಲಿ ಇದೇ ಪ್ರಶ್ನೆಯನ್ನು ಬಿಡಿಸಿದ್ದು ಸರ್ಕಾರ. ಕ್ರಾಂತಿಯ ಕಾಲದಲ್ಲಿ, 1794ರ ಆಗಸ್ಟಿನಲ್ಲಿ, ಜನನ ಪತ್ರದಲ್ಲಿರುವ ಹೆಸರನ್ನು ಬಿಟ್ಟು ಬೇರೆ ಹೆಸರನ್ನು ಯಾವ ಪ್ರಜೆಯೂ ಹೊರುವಂತಿಲ್ಲ ಎಂಬ ಕಾನೂನು ಬಂತು. ಗಂಡನ ಹೆಸರನ್ನು ಎಲ್ಲೆಡೆ ಬಳಸಿದರೂ ಅಲ್ಲಿ ವಿವಾಹಿತೆಯ ಕಾನೂನುಬದ್ಧ ಹೆಸರು ಇಂದಿಗೂ ಹುಟ್ಟಿದಾಗಿನದ್ದೇ. 1803ರಲ್ಲಿ ನೆಪೋಲಿಯನ್ ಆಳ್ವಿಕೆ ಮಗುವಿಗೆ ಇಡುವ ಹೆಸರಿಗೂ ಬೇಲಿ ಹಾಕಿತು: ಪಂಚಾಂಗದಲ್ಲಿರುವ ಸಂತರ ಹೆಸರು, ಇಲ್ಲವೇ ಪ್ರಾಚೀನ ಇತಿಹಾಸದ ಹೆಸರು, ಅಷ್ಟೇ. 1966ರಲ್ಲಿ ಬಿಗಿ ಸಡಿಲವಾಗಿ, 1993ರಲ್ಲಿ ಮಾತ್ರ ಆಯ್ಕೆ ಪೂರ್ತಿ ತಂದೆತಾಯಿಯ ಕೈಗೆ ಬಂತು. ಮಾರಿ, ಆನ್, ಜಾನ್, ಕಾತ್ರೀನ್ ಎಂಬ ಕೆಲವೇ ಹೆಸರುಗಳು ತಲೆಮಾರುಗಟ್ಟಲೆ ಅಲ್ಲಿ ಸುತ್ತುತ್ತ ಉಳಿದುದಕ್ಕೆ ಭಕ್ತಿ ಒಂದು ಕಾರಣ, ಈ ಕಾನೂನು ಇನ್ನೊಂದು. ಕೊಡಗಿನಲ್ಲಿ ಅಂಥ ಪಟ್ಟಿಯನ್ನು ಯಾವ ಅರಸನೂ ಹೊರಡಿಸಲಿಲ್ಲ. ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಡುವ ರೂಢಿಯೇ ಹೆಸರುಗಳನ್ನು ಕಾದುಕೊಂಡು ಬಂತು.

ಹೊರಗಿನಿಂದ ಬಂದ ಹೆಸರುಗಳೂ ಈ ನೆಲದಲ್ಲಿ ಅಮ್ಮನಾದವು. ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚನ್ನು ನೋಡಿ. ಶ್ರೀರಂಗಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ಬಂದ ಕಥೋಲಿಕರಿಗೆ ಕೊಡಗಿನ ಅರಸ ದೊಡ್ಡವೀರರಾಜೇಂದ್ರ ಜಾಗ ಕೊಟ್ಟು ನೆಲೆಗೊಳಿಸಿದ, 1792ರಷ್ಟು ಹಳೆಯ ಇಗರ್ಜಿ ಅದು. ಹೀಬ್ರೂವಿನಲ್ಲಿ ಕೃಪೆ ಎಂಬ ಅರ್ಥದ ಹನ್ನಾ, ಗ್ರೀಕಿನಲ್ಲಿ ಅನ್ನಾ, ಫ್ರೆಂಚಿನಲ್ಲಿ ಆನ್, ವಿರಾಜಪೇಟೆಗೆ ಬರುವಷ್ಟರಲ್ಲಿ ಅನ್ನಮ್ಮ. ಕನ್ನಡದ ಕಿವಿಗೆ ಅನ್ನ ನೀಡುವ ತಾಯಿಯೂ ಹೌದು. ಮೇರಿ ಹೀಗೆಯೇ ಮರಿಯಮ್ಮ ಆದಳು. ಒಂದು ದೀರ್ಘ ಎಳೆದರೆ ಮಡಿಕೇರಿ ದಸರೆಯಲ್ಲಿ ಕರಗ ಹೊರಡುವ ಕೋಟೆ ಮಾರಿಯಮ್ಮ, ದಂಡಿನ ಮಾರಿಯಮ್ಮರ ಹೆಸರು. ಮಲಬಾರಿನಿಂದ ಬಂದ ಮುಸ್ಲಿಮರಲ್ಲಿ ಪಾತುಮ್ಮ, ಆಯಿಶುಮ್ಮ ಎಂಬ ಹಳೆಯ ಹೆಸರುಗಳಿವೆ. ಫಾತಿಮಾ, ಆಯಿಶಾ ಅರಬಿಯವು; ಕೊನೆಯ ಉಮ್ಮ ಎಂದರೆ ಅಲ್ಲೂ ತಾಯಿಯೇ. ಬೆರ್ನದೆತ್ ಎಂಬ ಬಡ ಹುಡುಗಿಗೆ 1858ರಲ್ಲಿ ಮಾತೆ ಕಾಣಿಸಿಕೊಂಡಳೆಂದು ನಂಬುವ ಫ್ರಾನ್ಸಿನ ಲೂರ್ದ್ ಎಂಬ ಬೆಟ್ಟದಡಿಯ ಊರು, ದಕ್ಷಿಣ ಭಾರತದ ಕಥೋಲಿಕ ಮನೆಗಳಲ್ಲಿ ಲೂರ್ದು ಮೇರಿ ಎಂಬ ಹೆಣ್ಣು ಹೆಸರೇ ಆಗಿಬಿಟ್ಟಿದೆ.

ಕೊಡಗಿನಿಂದ ಹೊರಟು ತಿರುಗಿ ಬಾರದ ಹೆಸರಿನ ಕಥೆಯೂ ಒಂದಿದೆ. ಕೊಡಗನ್ನು ಆಳಿದ ಹಾಲೇರಿ ಅರಸರ ಅರಮನೆಯಲ್ಲಿ ಹೆಣ್ಣುಮಕ್ಕಳ ಹೆಸರಿಗೆ 'ಅಮ್ಮಾಜಿ' ಸೇರುತ್ತಿತ್ತು: ದೊಡ್ಡವೀರರಾಜೇಂದ್ರನ ರಾಣಿ ನಂಜಮ್ಮಾಜಿ, ಅವನ ನಂತರ 1809ರಲ್ಲಿ ಪಟ್ಟಕ್ಕೆ ಬಂದ ಎಳೆಯ ಮಗಳು ದೇವಮ್ಮಾಜಿ. ಕೊನೆಯ ಅರಸ ಚಿಕ್ಕವೀರರಾಜೇಂದ್ರನ ತಂಗಿಯೂ ದೇವಮ್ಮಾಜಿಯೇ. 1834ರಲ್ಲಿ ಬ್ರಿಟಿಷರು ರಾಜ್ಯ ಕಿತ್ತುಕೊಂಡು ಚಿಕ್ಕವೀರರಾಜೇಂದ್ರನನ್ನು ಕಾಶಿಗೆ ಕಳಿಸಿದರು. ಅಲ್ಲಿ 1841ರಲ್ಲಿ ಹುಟ್ಟಿದ ಮಗಳು ಗೌರಮ್ಮ. ಶಿವಭಕ್ತ ವೀರಶೈವ ಮನೆಯ ಕೂಸಿಗೆ ಗೌರಿಯ ಹೆಸರು, ಕನ್ನಡದ ಅಮ್ಮ. 1852ರಲ್ಲಿ ತಂದೆ ಆಕೆಯನ್ನು ಇಂಗ್ಲೆಂಡಿಗೆ ಕರೆದೊಯ್ದ. ಹನ್ನೊಂದು ವರ್ಷದ ಹುಡುಗಿಗೆ ಬಕಿಂಗ್‌ಹ್ಯಾಮ್ ಅರಮನೆಯ ಪ್ರಾರ್ಥನಾ ಮಂದಿರದಲ್ಲಿ ಕ್ರೈಸ್ತ ದೀಕ್ಷೆಯಾಯಿತು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನು ಕೊಟ್ಟಳು. ಅಂದಿನಿಂದ ಆಕೆ ವಿಕ್ಟೋರಿಯಾ ಗೌರಮ್ಮ.

ಆ ಹೆಸರು ರಾಣಿಗೂ ಹೊರಗಿನದೇ. ಅವಳ ತಾಯಿ ಜರ್ಮನಿಯ ಕೋಬರ್ಗ್ ಮನೆತನದವಳು. 18ನೇ ಶತಮಾನದ ಜರ್ಮನ್ ಅರಮನೆಗಳಲ್ಲಿ ಫ್ರೆಂಚ್ ಮಾತೇ ಸೊಗಸಿನ ಮಾತಾಗಿದ್ದರಿಂದ ಮಗಳಿಗೆ ಮಾರಿ ಲೂಯಿಸ್ ವಿಕ್ತೊಆರ್ ಎಂದು ಹೆಸರಿಟ್ಟಿದ್ದರು. ವಿಕ್ತೊಆರ್ ಎಂದರೆ ಫ್ರೆಂಚಿನಲ್ಲಿ ವಿಜಯ. ತಾಯಿಯ ಆ ಹೆಸರು ಲ್ಯಾಟಿನ್ ರೂಪ ತೊಟ್ಟು ಮಗಳಿಗೆ ಬಂತು, ಮಗಳಿಂದ ಕೊಡಗಿನ ರಾಜಕುಮಾರಿಗೆ ಬಂತು. ನನ್ನ ಮಟ್ಟಿಗೆ ಕೊಡಗಿಗೂ ಫ್ರೆಂಚ್ ಹೆಣ್ಣು ಹೆಸರಿಗೂ ಇರುವ ಎಲ್ಲಕ್ಕಿಂತ ಗಾಢವಾದ ನಂಟು ಇದು. ರಾಜ್ಯ ಕಳೆದುಕೊಂಡವನ ಮಗಳಿಗೆ, ರಾಜ್ಯ ಗೆದ್ದವರ ಕಡೆಯಿಂದ, ವಿಜಯ ಎಂಬ ಅರ್ಥದ ಹೆಸರು. ಆ ಹುಡುಗಿಯ ಮೇಲೆ ಅದರ ಭಾರ ಎಷ್ಟಿತ್ತೋ ಎಂದು ನೆನೆದರೆ ಸಂಕಟವಾಗುತ್ತದೆ.

ದೀಕ್ಷೆಯಾದ ವರ್ಷವೇ ವಿಂಟರ್‌ಹಾಲ್ಟರ್ ಎಂಬ ಚಿತ್ರಕಾರ ಗೌರಮ್ಮನ ವರ್ಣಚಿತ್ರ ಬರೆದ. ಮರೊಕೆಟ್ಟಿ ಎಂಬ ಶಿಲ್ಪಿ ಅಮೃತಶಿಲೆಯಲ್ಲಿ ಆಕೆಯ ಮುಖ ಕಡೆದ. ಪಂಜಾಬಿನಿಂದ ಹೀಗೆಯೇ ಬಂದು ಕ್ರೈಸ್ತನಾಗಿದ್ದ ದುಲೀಪ್ ಸಿಂಗನಿಗೆ ಆಕೆಯನ್ನು ಕೊಡಬೇಕೆಂದು ರಾಣಿಗೆ ಆಸೆಯಿತ್ತು, ಅದು ಕೂಡಿಬರಲಿಲ್ಲ. 1860ರಲ್ಲಿ ತನಗಿಂತ ಬಹಳ ಹಿರಿಯನಾದ ಜಾನ್ ಕ್ಯಾಂಬೆಲ್ ಎಂಬ ಸೈನ್ಯಾಧಿಕಾರಿಯನ್ನು ಮದುವೆಯಾದಳು. 1864ರಲ್ಲಿ ತೀರಿಕೊಂಡಾಗ ಆಕೆಗೆ ಇನ್ನೂ ಇಪ್ಪತ್ಮೂರು ತುಂಬಿರಲಿಲ್ಲ. ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ ಸಮಾಧಿಯಿದೆ. ಆಕೆಯ ಒಬ್ಬಳೇ ಮಗಳ ಪೂರ್ತಿ ಹೆಸರು ಈಡಿತ್ ವಿಕ್ಟೋರಿಯಾ ಗೌರಮ್ಮ ಕ್ಯಾಂಬೆಲ್. ಎಲ್ಲ ಕಳೆದ ಮೇಲೂ ಗೌರಮ್ಮ ಎನ್ನುವುದನ್ನು ಬಿಡದೆ ಉಳಿಸಿದರು. ಈಡಿತ್‌ಗೆ ಕನ್ನಡ ಬಾರದು, ಕೊಡಗನ್ನು ಕಂಡವಳಲ್ಲ. ಅಮ್ಮ ಎಂಬ ಎರಡಕ್ಷರ ಮಾತ್ರ ಅವಳ ಹೆಸರಿನ ನಡುವೆ ಕೂತಿತ್ತು.

ಇನ್ನೊಬ್ಬ ಗೌರಮ್ಮ ಮಡಿಕೇರಿಯಲ್ಲಿ 1912ರಲ್ಲಿ ಹುಟ್ಟಿದರು. ಕನ್ನಡದ ಮೊದಲ ಸಾಲಿನ ಕಥೆಗಾರ್ತಿ. ವಿಧವೆಯರ ಪಾಡು, ಜಾತಿ ದಾಟಿದ ಪ್ರೀತಿ, ಹೆಣ್ಣಿನ ಓದು ಮುಂತಾದವುಗಳನ್ನು ಅಳುಕಿಲ್ಲದೆ ಬರೆದವರು. ಹವ್ಯಕ ಬ್ರಾಹ್ಮಣ ಮನೆಯವರು, ಕೊಡವರಲ್ಲ. ಬದುಕಿರುವಾಗ ಅವರ ಕಥೆಗಳು ಅಚ್ಚಾದದ್ದು 'ಶ್ರೀಮತಿ ಬಿ.ಟಿ.ಜಿ. ಕೃಷ್ಣ' ಎಂಬ ಹೆಸರಿನಲ್ಲಿ. ಆ ಹೆಸರಿನ ಒಂದೊಂದು ಅಕ್ಷರವೂ ಪತಿ ಬಿ.ಟಿ. ಗೋಪಾಲಕೃಷ್ಣ ಅವರದ್ದು. 1934ರ ಫೆಬ್ರುವರಿಯಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ಅವರು ತಮ್ಮ ಮನೆಗೂ ಬರಲೇಬೇಕೆಂದು ಉಪವಾಸ ಹಿಡಿದು, ಒಡವೆಗಳನ್ನು ಹರಿಜನ ನಿಧಿಗೆ ಕೊಟ್ಟವರು ಗೌರಮ್ಮ. 1939ರ ಏಪ್ರಿಲ್‌ನಲ್ಲಿ ಈಜಲು ಹೋಗಿ ನೀರಿನ ಪಾಲಾದರು. ವಯಸ್ಸು ಇಪ್ಪತ್ತೇಳು. 'ಕಂಬನಿ', 'ಚಿಗುರು' ಸಂಕಲನಗಳನ್ನು ಓದಿದ ಕನ್ನಡಿಗರು ಆ ಇನಿಷಿಯಲ್‌ಗಳನ್ನು ಮರೆತರು, ಕೊಡಗಿನ ಗೌರಮ್ಮ ಎಂದು ಕರೆದರು. ಈ 'ಕೊಡಗಿನ' ಎಂಬುದರ ವ್ಯಾಕರಣವೂ ಒಕ್ಕದ ಹೆಸರಿನ 'ಅಂಡ'ದ ವ್ಯಾಕರಣವೇ, ಷಷ್ಠಿ. ಒಕ್ಕವಿಲ್ಲದ ಕಥೆಗಾರ್ತಿಗೆ ಓದುಗರು ಇಡೀ ನಾಡನ್ನೇ ಒಕ್ಕ ಮಾಡಿ ಕೊಟ್ಟರು. ಅವಳ ಹೆಸರು ಅವಳಿಗೆ ಮರಳಿ ಬಂತು.

ಮದುವೆಯ ಪ್ರಶ್ನೆ ಸಿ.ಬಿ. ಮುತ್ತಮ್ಮನವರ ಕೆಲಸದ ಬದುಕಿನಲ್ಲೂ ಅಡ್ಡ ಬಂತು. ಸೇವೆಗೆ ಸೇರುವಾಗ, ಮದುವೆಯಾದರೆ ರಾಜೀನಾಮೆ ಕೊಡುತ್ತೇನೆಂದು ಬರೆದುಕೊಡಬೇಕಿತ್ತು. ಗಂಡಸರಿಗೆ ಆ ಷರತ್ತಿಲ್ಲ. 1970ರಲ್ಲಿ ಹಂಗೆರಿಗೆ ರಾಯಭಾರಿಯಾದರು. ವಿದೇಶಾಂಗ ಸೇವೆಯೊಳಗಿಂದಲೇ ಬಂದು ಆ ಹುದ್ದೆಗೇರಿದ ಮೊದಲ ಭಾರತೀಯ ಮಹಿಳೆ. ಮೇಲಿನ ದರ್ಜೆಗೆ ಬಡ್ತಿ ತಪ್ಪಿಸಿದಾಗ ಸುಪ್ರೀಂ ಕೋರ್ಟಿಗೆ ಹೋದರು. ವಿಚಾರಣೆಗೆ ಬರುವ ಮೊದಲೇ ಸರ್ಕಾರ ಬಡ್ತಿ ಕೊಟ್ಟಿತು. ಹಾಗೆಂದು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ 1979ರ ತೀರ್ಪಿನಲ್ಲಿ ಸುಮ್ಮನೆ ಬಿಡಲಿಲ್ಲ. ಮದುವೆಗೆ ಅನುಮತಿ ಕೇಳಬೇಕೆಂಬ, ವಿವಾಹಿತೆಗೆ ನೇಮಕದ ಹಕ್ಕಿಲ್ಲವೆಂಬ ನಿಯಮಗಳನ್ನು ಕಟುವಾಗಿ ಖಂಡಿಸಿ, ಸೇವಾ ನಿಯಮಗಳನ್ನೆಲ್ಲ ಪರಿಶೀಲಿಸಿ ತಾರತಮ್ಯ ತೆಗೆಯಬೇಕೆಂದರು. ಆ ಮೊಕದ್ದಮೆ ಕಾನೂನು ಪುಸ್ತಕಗಳಲ್ಲಿ ಇರುವುದು ಅವರ ಹೆಸರಿನಿಂದಲೇ. ದೇಶದ ಕಾನೂನು ವಿದ್ಯಾರ್ಥಿಗಳೆಲ್ಲ ಕೊಡಗಿನ ಒಂದು ಅಪ್ಪಟ ಹೆಣ್ಣು ಹೆಸರನ್ನು ಹೇಳಿಯೇ ಆ ಪಾಠ ಓದಬೇಕು.

ಈಗಿನ ಹೆಸರುಗಳತ್ತ ತಿರುಗೋಣ. ಓಟದ ಅಂಗಳದಲ್ಲಿ ಪಿ.ಟಿ. ಉಷಾ ಅವರನ್ನು ಸೋಲಿಸಿದ ಅಶ್ವಿನಿ ನಾಚಪ್ಪ, 2011ರ ವಿಶ್ವ ಬ್ಯಾಡ್ಮಿಂಟನ್ ಚಾಂಪಿಯನ್‌ಷಿಪ್ಪಿನಲ್ಲಿ ಜ್ವಾಲಾ ಗುಟ್ಟಾ ಜೊತೆ ಕಂಚು ಗೆದ್ದ ಅಶ್ವಿನಿ ಪೊನ್ನಪ್ಪ, ಸ್ಕ್ವಾಷ್‌ನ ಜೋಷ್ನಾ ಚಿಣ್ಣಪ್ಪ, ಸಿನಿಮಾದ ರಶ್ಮಿಕಾ ಮಂದಣ್ಣ. ಕೊಡಗಿನವರೆಂದು ಇಡೀ ದೇಶ ಇವರನ್ನು ಗುರುತಿಸುವುದು ಎರಡನೆಯ ಹೆಸರಿನಿಂದ. ಆ ಎರಡನೆಯ ಹೆಸರು ಒಂದೊಂದೂ ಗಂಡಸಿನದು. ಅಪ್ಪ, ಅಣ್ಣ.

ಇದು ಹೇಗಾಯಿತೆಂಬುದು ಕಷ್ಟದ ಒಗಟಲ್ಲ. ಹಳೆಯ ಕ್ರಮದಲ್ಲಿ ಮೊದಲು ಒಕ್ಕ, ನಡುವೆ ತಂದೆ, ಕೊನೆಗೆ ಸ್ವಂತ ಹೆಸರು. ಸೈನ್ಯದ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ, ರಾಯಭಾರಿ ಚೋನಿರ ಬೆಳ್ಳಿಯಪ್ಪ ಮುತ್ತಮ್ಮ. ಸಾಲು ನಿಲ್ಲುತ್ತಿದ್ದುದು ಆ ವ್ಯಕ್ತಿಯ ಮೇಲೆ. ಶಾಲೆಯ ಅರ್ಜಿ, ಪಾಸ್‌ಪೋರ್ಟು, ಬ್ಯಾಂಕಿನ ಫಾರಂ ಎಲ್ಲವೂ ಕೊನೆಗೆ ಒಂದು ಸರ್‌ನೇಮ್ ಕೇಳತೊಡಗಿದವು. ಒಕ್ಕದ ಹೆಸರು ಹೊರಗಿನವರ ಬಾಯಿಗೆ ಸುಲಭವಾಗಿ ಬಾರದು. ಅದು ಒಂದಕ್ಷರದ ಇನಿಷಿಯಲ್ಲಾಗಿ ಕುಗ್ಗಿತು, ಇಲ್ಲವೇ ಬಿಟ್ಟೇ ಹೋಯಿತು. ತಂದೆಯ ಹೆಸರು ಹಿಂದಕ್ಕೆ ಜಾರಿ ಮನೆತನದ ಹೆಸರಿನ ಜಾಗದಲ್ಲಿ ಕೂತಿತು. ಅದೇ ಹೊತ್ತಿಗೆ ಮುಂದಿನ ಹೆಸರು ಇಡೀ ಭಾರತಕ್ಕೆ ಪರಿಚಯವಿರುವ ಸಂಸ್ಕೃತದ್ದಾಯಿತು. ಹೀಗೆ ಪೊನ್ನಪ್ಪ ಉಳಿದ, ಪೊನ್ನಮ್ಮ ಹೋದಳು. ಜೋಡಿಯಾಗಿ ಹುಟ್ಟಿದ ಹೆಸರುಗಳಲ್ಲಿ ಒಂದು ಮಾತ್ರ ಪಾಸ್‌ಪೋರ್ಟಿನಲ್ಲಿ ಪ್ರಯಾಣ ಮಾಡುತ್ತಿದೆ.

ಹಳೆಯ ಕ್ರಮವನ್ನೇ ಹಿಡಿದವರೂ ಇದ್ದಾರೆ. 2014ರ ಇಂಚಿಯಾನ್ ಮತ್ತು 2018ರ ಜಕಾರ್ತ ಏಷ್ಯನ್ ಕ್ರೀಡಾಕೂಟಗಳಲ್ಲಿ ಮಹಿಳೆಯರ 4x400 ಮೀಟರ್ ರಿಲೇ ಚಿನ್ನ ಗೆದ್ದ ತಂಡದಲ್ಲಿ ಓಡಿದವರು ಮಾಚೆಟ್ಟಿರ ರಾಜು ಪೂವಮ್ಮ. ಒಕ್ಕ, ತಂದೆ, ಆಮೇಲೆ ತಾವು. ಫಲಕದ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಪೂವಮ್ಮ ಎಂದು ಮೂಡಿದಾಗ ಅದನ್ನು ಓದಲು ಯಾವ ದೇಶದವರಿಗೂ ತೊಡಕಾಗಲಿಲ್ಲ. ತಮ್ಮ ಅಜ್ಜ ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಹೊರತಂದ ಕೊಡವ ಜಾನಪದ ಸಂಗ್ರಹ 'ಪಟ್ಟೋಲೆ ಪಳಮೆ'ಯನ್ನು ಪತಿಯೊಂದಿಗೆ ಸೇರಿ ಇಂಗ್ಲಿಷಿಗೆ ತಂದ, ಊರೂರು ಸುತ್ತಿ ಕೊಡಗಿನ ಐನ್‌ಮನೆಗಳನ್ನೆಲ್ಲ ದಾಖಲಿಸಿದ ವಿದುಷಿಯ ಹೆಸರು ಬೊವ್ವೇರಿಯಂಡ ನಂಜಮ್ಮ. ನಂಜುಂಡೇಶ್ವರನ ನಂಜು, ತಾಯಿಯ ಅಮ್ಮ. ಈ ಹೆಸರುಗಳು ಹಳ್ಳಿಗಾಡಿನವು, ಹಳೆಯ ಕಾಲದವು ಎಂದು ಮೂಗು ಮುರಿಯುವವರು ಈ ಹೆಂಗಸರ ಕೆಲಸದ ಪಟ್ಟಿಯನ್ನೊಮ್ಮೆ ನೋಡಲಿ.

ಎರಡನೆಯ ಹೆಸರು ತಂದೆಯದೇ ಆಗಬೇಕೆಂದೇನೂ ಇಲ್ಲ; ತಾಯಿಯ ಹೆಸರು ಮಗಳಿಗೆ ಮನೆತನದ ಹೆಸರಾಗಿ ಇಳಿಯುವುದು ಜಗತ್ತಿಗೆ ಹೊಸತೂ ಅಲ್ಲ. ಜೋನ್ ಆಫ್ ಆರ್ಕ್ ಎಂದು ನಾವು ಕರೆಯುವ ಜಾನ್, 1431ರಲ್ಲಿ ರೂಆನ್ ನಗರದ ವಿಚಾರಣೆಯಲ್ಲಿ ತನ್ನ ಹೆಸರು ಹೇಳುವಾಗ, ಊರಿನಲ್ಲಿ ತನ್ನನ್ನು ಜಾನೆತ್ ಎನ್ನುತ್ತಿದ್ದರೆಂದಳು. ಅಡ್ಡಹೆಸರು ತಂದೆಯ ಕಡೆಯ ದಾರ್ಕ್ ಅಥವಾ ತಾಯಿಯ ಕಡೆಯ ರೊಮೆ, ತನ್ನ ಸೀಮೆಯಲ್ಲಿ ಹುಡುಗಿಯರು ತಾಯಿಯ ಅಡ್ಡಹೆಸರನ್ನೇ ಹೊರುವುದು ಎಂದೂ ತಿಳಿಸಿದಳು. ಆ ರೂಢಿ ಆಮೇಲೆ ಅಳಿಯಿತು, ತಂದೆಯ ಹೆಸರೇ ಕಾನೂನಾಯಿತು. 2005ರಿಂದ ಫ್ರಾನ್ಸಿನಲ್ಲಿ ಮಗುವಿಗೆ ತಾಯಿಯ ಮನೆತನದ ಹೆಸರು, ಅಥವಾ ಇಬ್ಬರದನ್ನೂ ಸೇರಿಸಿ, ಇಡಬಹುದು. 2022ರ ಜುಲೈಯಿಂದ ದೊಡ್ಡವರಾದ ಮಕ್ಕಳು ಸರಳ ಅರ್ಜಿಯೊಂದರಿಂದ ತಾಯಿಯ ಹೆಸರಿಗೆ ಬದಲಾಯಿಸಿಕೊಳ್ಳಲೂಬಹುದು.

ನಮ್ಮಲ್ಲಿ ಇದಕ್ಕೆ ಹೊಸ ಕಾನೂನೇ ಬೇಕಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಮಗುವಿನ ಜನನ ನೋಂದಣಿಯಾದ ಮೇಲೂ ಹೆಸರು ಸೇರಿಸಲು ಕಾಲಾವಕಾಶವಿದೆ. ಮೊದಲ ಹನ್ನೆರಡು ತಿಂಗಳು ಶುಲ್ಕವೂ ಇಲ್ಲ. ಮುಂದಿನ ಹೆಸರು ಅನನ್ಯ ಆಗಲಿ, ಆದ್ಯ ಆಗಲಿ, ಅದು ತಂದೆತಾಯಿಯ ಇಷ್ಟ. ಎರಡನೆಯ ಜಾಗದಲ್ಲಿ ಹೆಣ್ಣುಮಗುವಿಗೆ ಅಪ್ಪನ ಬದಲು ಅಜ್ಜಿಯ ಹೆಸರು ಬರೆಯಿಸಬಹುದು: ಆದ್ಯ ಬೊಳ್ಳಮ್ಮ, ಅನನ್ಯ ಮುತ್ತಕ್ಕಿ. ಒಕ್ಕದ ಹೆಸರು ಎಂದಿನಂತೆ ಮುಂದೆ ಇದ್ದೇ ಇರುತ್ತದೆ. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಕುಶಾಲನಗರ, ಪೊನ್ನಂಪೇಟೆ, ಐದೂ ತಾಲ್ಲೂಕುಗಳಲ್ಲಿ ಈ ವರ್ಷ ತೊಟ್ಟಿಲಿಗೆ ಹಾಕುವ ಹೆಣ್ಣುಮಕ್ಕಳ ತಂದೆತಾಯಿಯರು ಅರ್ಜಿ ತುಂಬುವ ಮುನ್ನ ಮನೆಯ ಹಿರಿಯ ಹೆಂಗಸನ್ನು ಕೂರಿಸಿಕೊಂಡು, ಅವರ ಹೆಸರೇನು, ಅವರ ತಾಯಿಯ ಹೆಸರೇನು, ತಾಮನೆ ಯಾವುದು ಎಂದು ಕೇಳಿ ಬರೆದುಕೊಳ್ಳಲಿ.